ಕಡಲ ದಂಡೆಯ ಪ್ರಣಯ, ಪಾದ್ರಿಯ ಮನೆಯ ಲೇಖನಿ

ಪ್ರಣಯ ಕಾದಂಬರಿಗಳನ್ನು ಓದುತ್ತೇನೆಂದು ಬಹಿರಂಗವಾಗಿ ಒಪ್ಪಿಕೊಳ್ಳುವ ವಯಸ್ಸು ನನ್ನದಲ್ಲ. ಆದರೂ ಪರದೇಶದಲ್ಲಿರುವ ಸೋದರಸೊಸೆಯೊಬ್ಬಳು ಬಂದುಹೋಗುವಾಗ ಮರೆತು ಬಿಟ್ಟ ಅಮೇರಿಕೆಯ ಪುಸ್ತಕವೊಂದನ್ನು ಈಚೆಗೆ ಎರಡು ಮಧ್ಯಾಹ್ನಗಳಲ್ಲಿ ಓದಿ ಮುಗಿಸಿದೆ. ಕಥೆ ಹೆಬ್ಬೆರಳಿನಷ್ಟು. ರಜೆಗೆಂದು ಕಡಲ ದಂಡೆಗೆ ಬಂದ ಒಬ್ಬ ಹುಡುಗಿ. ಅಲ್ಲಿಗೇ ಬಂದ ಒಬ್ಬ ಹುಡುಗ. ನಡುವೆ ಒಂದು ನಾಯಿ, ಒಂದು ಮಳೆ, ಒಂದು ತಪ್ಪು ತಿಳುವಳಿಕೆ. ಭಾನುವಾರ ಚರ್ಚಿನಲ್ಲಿ ಒಂದು ಪ್ರಾರ್ಥನೆ. ಕೊನೆಗೆ ಮದುವೆಯ ಮಾತು. ಮುತ್ತು ಒಂದೇ, ಅದೂ ಕಡೆಯ ಪುಟದಲ್ಲಿ. ದೇವರು ಕಥೆಯುದ್ದಕ್ಕೂ ಇದ್ದಾನೆ, ಆದರೆ ಒಳ್ಳೆಯ ಅಜ್ಜನಂತೆ ಒಂದು ಮೂಲೆಯಲ್ಲಿ ಕುಳಿತು ನಗುತ್ತಾನೆ. ಆ ದೇಶದ ಪುಸ್ತಕದಂಗಡಿಗಳಲ್ಲಿ ಇಂಥವಕ್ಕೆಂದೇ ‘ಕ್ರೈಸ್ತ ಪ್ರಣಯ’ ಎಂಬ ಬೇರೆ ಕಪಾಟು ಇರುತ್ತದಂತೆ.

ಪುಸ್ತಕ ಕೆಟ್ಟದ್ದೆಂದು ನಾನು ಹೇಳಲಾರೆ. ಓದಿದ ಮೇಲೆ ಬೇರೊಂದು ಪ್ರಶ್ನೆ ತಲೆಯೊಳಗೆ ಕುಳಿತಿತು. ಕನ್ನಡದಲ್ಲಿ ಇಂಥದೊಂದು ಪುಸ್ತಕ ಏಕೆ ಹುಟ್ಟಲಿಲ್ಲ? ನಮಗೆ ಕಡಲಿಲ್ಲವೆ? ಕಾರವಾರದಿಂದ ಮಂಗಳೂರಿನವರೆಗೆ ಬೇಕಾದಷ್ಟಿದೆ. ಕ್ರೈಸ್ತರಿಲ್ಲವೆ? ಅದೇ ತೀರದಲ್ಲಿ ನೂರಾರು ವರ್ಷಗಳಿಂದ ಇದ್ದಾರೆ. ಅಚ್ಚುಕೂಟವಿಲ್ಲವೆ? ಕನ್ನಡದ ಮೊದಲ ಪತ್ರಿಕೆಯೇ 1843ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರ ಕೈಯಿಂದ ಬಂತು. ಸಾಮಗ್ರಿಯೆಲ್ಲ ಒಲೆಯ ಮುಂದೆ ಸಿದ್ಧವಾಗಿದ್ದೂ ಅಡಿಗೆ ಏಕಾಗಲಿಲ್ಲ?

ಈ ಪ್ರಶ್ನೆಯನ್ನು ಕೇಳಲು ನನಗೆ ಅಧಿಕಾರವೇನೆಂದು ಕರಾವಳಿಯವರು ಕೇಳಬಹುದು. ನಾನು ಸವದತ್ತಿ ತಾಲ್ಲೂಕಿನ ಚಚಡಿಯವನು. ಎರೆಹೊಲ, ಜೋಳ, ಹತ್ತಿ, ಇವುಗಳ ನಡುವೆ ಬೆಳೆದವನಿಗೆ ಕಡಲೆಂದರೆ ಭೂಗೋಲದ ಪುಸ್ತಕದಲ್ಲಿಯ ನೀಲಿ ಬಣ್ಣ. ನಮ್ಮ ಸೀಮೆಯ ನೀರೆಂದರೆ ಮಲಪ್ರಭೆಯದು. ಆ ಪುಣ್ಯಾತ್ಮಳು ಕನಕುಂಬಿಯಲ್ಲಿ, ಪಡುವಣ ಕಡಲಿಗೆ ಅಷ್ಟು ಸಮೀಪದಲ್ಲಿ ಹುಟ್ಟಿಯೂ, ಅದಕ್ಕೆ ಬೆನ್ನು ತಿರುಗಿಸಿ ಮೂಡಲಿಗೆ ನಡೆದುಬಿಟ್ಟವಳು. ಆದರೆ ನಮ್ಮ ಹತ್ತಿಗೆ ಕಡಲಿನ ಪರಿಚಯವಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಅರಳೆ ಎತ್ತು-ಗಾಡಿಗಳ ಮೇಲೆ ಘಟ್ಟವಿಳಿದು ಕುಮಟೆಗೆ ಹೋಗುತ್ತಿತ್ತು. ಬೆಳಗಾವಿಯ ಸರಕಿಗೆ ವೆಂಗುರ್ಲೆ ಬಂದರ. ವಿಲಾಯತಿಯ ವ್ಯಾಪಾರಿಗಳು ಧಾರವಾಡ ಸೀಮೆಯ ಹತ್ತಿಯನ್ನು ‘ಕುಮಟಾ’ ಎಂಬ ಹೆಸರಿನಿಂದಲೇ ಕರೆಯುತ್ತಿದ್ದರು. ಬೆಳೆದ ಊರಿನ ಹೆಸರು ಹೋಗಿ ಹಡಗು ಹತ್ತಿದ ಊರಿನ ಹೆಸರು ಉಳಿಯಿತು! 1888ರಲ್ಲಿ ಮರ್ಮಗೋವೆಗೆ ರೈಲು ಬಂದ ಮೇಲೆ ಆ ಗಾಡಿಯ ದಾರಿಗಳು ಬಡವಾದವು. ಅಂತೂ ನಮ್ಮವರು ಕಡಲಿಗೆ ಹೋದದ್ದು ಹೇರು ಇಳಿಸಲಿಕ್ಕೆ, ವಿಹಾರಕ್ಕಲ್ಲ. ದಂಡೆಯ ಉಸುಕಿನಲ್ಲಿ ಸುಮ್ಮನೆ ಕೂಡುವುದಕ್ಕಾಗಿ ನೂರು ಮೈಲಿ ನಡೆಯುವ ಗಂಡಸನ್ನು ಕಂಡಿದ್ದರೆ ನನ್ನ ಅಜ್ಜ ಅವನನ್ನು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಕರೆದೊಯ್ದು ಭಂಡಾರ ಹಚ್ಚಿಸುತ್ತಿದ್ದ.

ಇದರಲ್ಲಿ ನಗುವಂಥದೇನೂ ಇಲ್ಲ. ಇಂಗ್ಲಿಷರಿಗೂ ಕಡಲ ದಂಡೆ ಹಿಂದಿನಿಂದ ಬಂದ ಸುಖವಲ್ಲ. ಹದಿನೆಂಟನೆಯ ಶತಮಾನದ ನಡುವೆ ರಿಚರ್ಡ್ ರಸೆಲ್ ಎಂಬ ವೈದ್ಯನು ಗ್ರಂಥಿಗಳ ರೋಗಕ್ಕೆ ಸಮುದ್ರದ ನೀರೇ ಮದ್ದೆಂದು ಗ್ರಂಥ ಬರೆದ. ಮೀಯುವುದಷ್ಟೇ ಅಲ್ಲ, ಕುಡಿಯಬೇಕೆಂದೂ ಹೇಳಿದ. ಸಿರಿವಂತರು ಮೊದಲು ಬ್ರೈಟನ್ನಿಗೆ ಹೋದದ್ದು ರೋಗಿಗಳಾಗಿ. ರೋಗಿಯ ಜೊತೆಗೆ ಮನೆಮಂದಿ ಹೋಯಿತು, ಮನೆಮಂದಿಯಲ್ಲಿ ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿದ್ದರು, ಮುಂದಿನದನ್ನು ಹೇಳಬೇಕಾಗಿಲ್ಲ.

ಹೇಳಿದವಳು ಜೇನ್ ಆಸ್ಟೆನ್. ಆಕೆ ಸ್ಟೀವೆಂಟನ್ ಎಂಬ ಹಳ್ಳಿಯ ಪಾದ್ರಿಯ ಮಗಳು. ಆಕೆ ತೀರಿಕೊಂಡ 1817ರ ಕೊನೆಗೆ ಹೊರಬಂದ ‘ಪರ್ಸುಯೇಶನ್’ ಕಾದಂಬರಿಯಲ್ಲಿ ಲೈಮ್ ಎಂಬ ಕಡಲೂರಿನ ಕಲ್ಲುಕಟ್ಟೆಯ ಮೆಟ್ಟಿಲಿಂದ ಹುಡುಗಿಯೊಬ್ಬಳು ಚೇಷ್ಟೆಗೆ ಜಿಗಿದು ಬೀಳುತ್ತಾಳೆ. ಅಲ್ಲಿಂದ ಎರಡು ಮದುವೆಗಳ ದಿಕ್ಕು ಬದಲಾಗುತ್ತದೆ. ಸಾಯುವ ವರ್ಷ ಬರೆಯತೊಡಗಿ ಅರ್ಧಕ್ಕೆ ನಿಲ್ಲಿಸಿದ ‘ಸ್ಯಾಂಡಿಟನ್’ ಅಂತೂ ಒಂದು ಮೀನುಗಾರರ ಹಳ್ಳಿಯನ್ನು ವಿಹಾರದ ಊರಾಗಿ ಮಾಡಹೊರಟವರ ಗೇಲಿ. ಆಕೆಗೂ ಯೌವನದಲ್ಲಿ ಕಡಲ ದಂಡೆಯ ಊರೊಂದರಲ್ಲಿ ಒಬ್ಬ ತರುಣನ ಪರಿಚಯವಾಗಿತ್ತು, ಮತ್ತೆ ಭೇಟಿಯಾಗುವ ಮೊದಲೇ ಅವನು ಸತ್ತ, ಎಂದು ಮನೆಯವರು ನೆನೆಯುತ್ತಿದ್ದರು.

ಅಮೇರಿಕೆಯಲ್ಲಿ ಈ ಬಳ್ಳಿ ಬೇರೆ ಹಂದರಕ್ಕೆ ಹಬ್ಬಿತು. ಅಲ್ಲಿಯ ಧರ್ಮನಿಷ್ಠರಿಗೆ ವಿಹಾರವೆಂದರೆ ಸಂಶಯ: ಕುಣಿತ, ಕುಡಿತ, ಇಸ್ಪೀಟು. ಆದರೆ ಬೇಸಗೆಯ ಸೆಕೆ ಧರ್ಮನಿಷ್ಠರಿಗೂ ಒಂದೇ. ಆದ್ದರಿಂದ ಅವರು ವಿಹಾರಕ್ಕೇ ದೀಕ್ಷೆ ಕೊಟ್ಟರು. 1869ರಲ್ಲಿ ಮೆಥಡಿಸ್ಟ್ ಪಂಥದವರು ನ್ಯೂಜರ್ಸಿಯ ಕಡಲ ದಂಡೆಯಲ್ಲಿ ಓಶನ್ ಗ್ರೋವ್ ಎಂಬ ಊರನ್ನೇ ಕಟ್ಟಿದರು: ಡೇರೆ ಹಾಕು, ಸಮುದ್ರದಲ್ಲಿ ಮೀಯಿ, ಸಂಜೆಗೆ ಉಪದೇಶ ಕೇಳು, ಭಾನುವಾರ ಮಾತ್ರ ಊರೊಳಗೆ ಗಾಡಿ ಹೊಡೆಯಬೇಡ. 1874ರಲ್ಲಿ ನ್ಯೂಯಾರ್ಕ್ ಪ್ರಾಂತದ ಶಟಾಕ್ವಾ ಸರೋವರದ ದಂಡೆಯ ಮೇಲೆ ಭಾನುವಾರದ ಶಾಲೆಯ ಶಿಕ್ಷಕರಿಗಾಗಿ ಬೇಸಗೆಯ ಮೇಳವೊಂದು ಶುರುವಾಯಿತು. ಎರಡೇ ವರ್ಷಕ್ಕೆ, 1876ರಲ್ಲಿ, ಇಸಬೆಲಾ ಆಲ್ಡನ್ ಎಂಬ ಪಾದ್ರಿಯ ಹೆಂಡತಿ, ಆ ಮೇಳಕ್ಕೆ ಮೋಜಿಗೆಂದು ಹೊರಟ ನಾಲ್ವರು ಹುಡುಗಿಯರ ಕಥೆ ಬರೆದಳು. ಹೋಗುವಾಗ ನಗೆಚಾಟಿಕೆ, ಮಳೆಯಲ್ಲಿ ತೊಯ್ದ ಬಟ್ಟೆ, ಹೊಸ ಟೊಪ್ಪಿಗೆಯ ಚಿಂತೆ. ಮರಳುವಾಗ ನಾಲ್ವರಿಗೂ ಭಕ್ತಿ. ನನ್ನ ಕೈಗೆ ಬಂದ ಪುಸ್ತಕದ ಮುತ್ತಜ್ಜಿ ಇದೇ.

ಆ ಆಲ್ಡನ್ನಳ ಅಕ್ಕನ ಮನೆಯ ಕೂಸು ಗ್ರೇಸ್ ಲಿವಿಂಗ್‌ಸ್ಟನ್ ಹಿಲ್. ತಂದೆ ಪಾದ್ರಿ, ಮುಂದೆ ಗಂಡನೂ ಪಾದ್ರಿ. 1887ರಲ್ಲಿ ಮನೆಯವರು ಫ್ಲಾರಿಡಾದಲ್ಲಿದ್ದರು. ಶಟಾಕ್ವಾಕ್ಕೆ ಹೋಗಲು ಕೈಯಲ್ಲಿ ದುಡ್ಡಿರಲಿಲ್ಲ. ಮಗಳು ಕುಳಿತು ಒಂದು ಪುಟ್ಟ ಪುಸ್ತಕ ಬರೆದಳು, ಅದನ್ನು ಮಾರಿ ಮನೆಮಂದಿಯ ಪ್ರಯಾಣದ ಖರ್ಚು ಹುಟ್ಟಿಸಿದಳು. ಆ ಪುಸ್ತಕ ಪ್ರಣಯದ್ದಲ್ಲ, ಹೂವು-ಹಕ್ಕಿಗಳು ಮೇಳ ನಡೆಸುವ ಕಲ್ಪನೆ. ಆದರೆ ಕ್ರೈಸ್ತ ಪ್ರಣಯ ಕಾದಂಬರಿಯ ತಾಯಿಯೆನಿಸಿದವಳ ಮೊದಲ ಬರಹಕ್ಕೆ ರಜೆಯ ಟಿಕೇಟೇ ಪ್ರೇರಣೆಯಾಯಿತೆಂಬುದು ಸಣ್ಣ ಮಾತಲ್ಲ. 1899ರಲ್ಲಿ ಗಂಡ ತೀರಿಕೊಂಡ, ಎರಡು ಹೆಣ್ಣುಮಕ್ಕಳು, ಆ ಮೇಲೆ ಬರೆದದ್ದು ಹೊಟ್ಟೆಗಾಗಿ. 1947ರಲ್ಲಿ ಸಾಯುವ ಹೊತ್ತಿಗೆ ನೂರಕ್ಕೂ ಮಿಕ್ಕಿ ಪುಸ್ತಕಗಳಾಗಿದ್ದವು. ಹಗುರ ಪುಸ್ತಕಗಳನ್ನು ಬರೆದವಳ ಬದುಕು ಹಗುರಾಗಿರಲಿಲ್ಲ.

ಅಂದರೆ ಈ ಬಗೆಯ ಕಥೆಗೆ ಕಡಲೊಂದಿದ್ದರೆ ಸಾಲದು; ಪಾದ್ರಿಯ ಮನೆ ಬೇಕು, ಆ ಮನೆಯಲ್ಲಿ ಓದುಬರಹ ಬಲ್ಲ ಹೆಣ್ಣು ಬೇಕು, ಆಕೆಗೆ ಹಾಳೆ ಬೇಕು, ಬರೆದರೆ ಬೈಯದ ಗಂಡಸರು ಬೇಕು. ಈ ಮಾತನ್ನು ಹಿಡಿದುಕೊಂಡು ನಮ್ಮ ಕರಾವಳಿಗೆ ಬರೋಣ.

ನಮ್ಮ ಬೆಳಗಾವಿಯಲ್ಲಿಯೂ ಮಿಶನ್ ಇತ್ತು. ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ 1820ರಲ್ಲಿ ಅಲ್ಲಿ ಕೆಲಸ ತೊಡಗಿದ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದು ಅಮೇರಿಕದ ಮೆಥಡಿಸ್ಟರ ಕೈಗೆ, ಅಂದರೆ ಓಶನ್ ಗ್ರೋವ್ ಕಟ್ಟಿದ ಪಂಥದವರಿಗೇ, ಹೋಯಿತು. ಆದರೆ ನಮ್ಮ ಸೀಮೆಗೆ ಬಂದದ್ದು ಅವರ ಶಾಲೆ, ಅವರ ಪ್ರಾರ್ಥನೆ. ಅವರ ಕಡಲ ದಂಡೆಯಲ್ಲ. ಕಡಲು, ಪಾದ್ರಿಯ ಮನೆ, ಅಚ್ಚುಕೂಟ ಮೂರೂ ಕೂಡಿದ್ದು ಮಂಗಳೂರಿನ ಬಲ್ಮಠದ ಗುಡ್ಡದಲ್ಲಿ.

ಬಾಸೆಲ್ ಮಿಶನ್ನಿನ ಮದುವೆಯ ಕಟ್ಟಳೆಗಳನ್ನು ಕೇಳಿದರೆ ವಾಚಕರಿಗೆ ಮೋಜೆನಿಸಬಹುದು. ತರುಣ ಪಾದ್ರಿ ಹಡಗು ಹತ್ತುವಾಗ ಒಂಟಿಯಾಗಿಯೇ ಹತ್ತಬೇಕು. ಕನಿಷ್ಠ ಎರಡು ವರ್ಷ ಸೇವೆ ಮಾಡಿ ತೋರಿಸಿದ ಮೇಲೆ ಮದುವೆಗೆ ಅಪ್ಪಣೆ ಬೇಡಬಹುದು. ಅಪ್ಪಣೆ ಕೊಡುವವರು ಸಾವಿರಾರು ಮೈಲಿಯಾಚೆ ಬಾಸೆಲ್ಲಿನಲ್ಲಿ ಕುಳಿತ ಕಮಿಟಿಯವರು. ಗುರುತಿನ ಹುಡುಗಿಯಿದ್ದರೆ ಹೆಸರು ಸೂಚಿಸಬಹುದು. ಇಲ್ಲವಾದರೆ ಕಮಿಟಿಯವರೇ ದೈವಭಕ್ತ ಮನೆತನಗಳಲ್ಲಿ ಕನ್ಯೆ ಹುಡುಕಿ, ನಡತೆ, ಆರೋಗ್ಯ, ಮನೆತನ ವಿಚಾರಿಸಿ, ಆಕೆಯ ಒಪ್ಪಿಗೆ ಪಡೆದು, ಹಡಗಿನಲ್ಲಿ ಕಳಿಸಿಕೊಡುವರು. ಎಷ್ಟೋ ವಧುಗಳು ವರನ ಮುಖ ಮೊದಲು ಕಂಡದ್ದು ಹಡಗಿನಿಂದ ಇಳಿದಾಗ! ನಮ್ಮ ಚಚಡಿಯಲ್ಲಿ ಕನ್ಯೆ ನೋಡುವ ಶಾಸ್ತ್ರವಾದರೂ ಇತ್ತು. ಉಪ್ಪಿಟ್ಟಿನ ಬಶಿಯ ಮೇಲಿಂದ ಒಂದು ಕಳ್ಳನೋಟಕ್ಕೆ ಅವಕಾಶವಿತ್ತು. ಇವರಿಗೆ ಅದೂ ಇಲ್ಲ. ನಮ್ಮ ಹಳೆಯ ಪದ್ಧತಿಯನ್ನು ಹಳಿಯಲು ಯುರೋಪಿನ ಉದಾಹರಣೆ ಕೊಡುವವರು ಇದನ್ನೊಮ್ಮೆ ನೆನೆಯಬೇಕು.

ಆ ಪ್ರಯಾಣವೂ ಎಂಥದು! 1869ರಲ್ಲಿ ಸುವೇಜ್ ಕಾಲುವೆ ತೆರೆಯುವ ಮುಂಚೆ ಈಜಿಪ್ತಿನಲ್ಲಿಳಿದು, ನೆಲದ ಮೇಲೆ ಸಾಗಿ, ಸುವೇಜಿನಲ್ಲಿ ಮತ್ತೆ ಹಡಗು ಹತ್ತಬೇಕು. ಮುಂಬಯಿಯಿಂದ ಕರಾವಳಿಗುಂಟ ಕೆಳಗೆ ಬರಬೇಕು. ಊರು ಬಿಟ್ಟ ಇಪ್ಪತ್ತು-ಇಪ್ಪತ್ತೈದರ ಹೆಣ್ಣುಮಗಳು, ಎದುರಿಗೆ ಕಡಲು, ಆ ತುದಿಯಲ್ಲಿ ತಾನು ಕಾಣದ ಗಂಡ. ಯಾವ ಕಾದಂಬರಿಕಾರನೂ ಬಿಡಲಾರದ ಸನ್ನಿವೇಶ. ಆದರೆ ಬರೆದವರಿಲ್ಲ.

ಕಿಟ್ಟೆಲರನ್ನೇ ತೆಗೆದುಕೊಳ್ಳಿ. 1853ರಲ್ಲಿ ಬಂದವರು, ಧಾರವಾಡದಲ್ಲಿ ಕನ್ನಡದ ಹುಚ್ಚು ಹಿಡಿಸಿಕೊಂಡವರು. ಉತ್ತರ ಸಮುದ್ರದ ದಂಡೆಯ ಸೀಮೆಯಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದ ಅವರಿಗೆ ಕಡಲು ಹೊಸದಲ್ಲ. 1860ರಲ್ಲಿ ಅವರು ಪೌಲೀನ್ ಐತ್ ಎಂಬಾಕೆಯನ್ನು ಮದುವೆಯಾದರು. ಕೆಲವೇ ವರ್ಷಗಳಲ್ಲಿ ಆಕೆ ತೀರಿಕೊಂಡಳು. 1867ರಲ್ಲಿ ಆಕೆಯ ತಂಗಿ ಯೂಲಿಯೆ ಅವರ ಕೈಹಿಡಿದಳು. ನಮ್ಮ ಕಡೆ ಇದು ಸಹಜ. ಅಕ್ಕ ಹೋದರೆ ಮಕ್ಕಳ ಮುಖ ನೋಡಿ ತಂಗಿಯನ್ನು ಕೊಡುತ್ತಾರೆ. ಇಂಗ್ಲಂಡಿನಲ್ಲಿಯಾದರೆ ಇಂಥ ಮದುವೆಗೆ 1907ರವರೆಗೆ ಕಾನೂನಿನ ಅಡ್ಡಿಯಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಮಹಾಕೋಶದಲ್ಲಿ ಒಲವು, ನಲ್ಮೆ, ನಲ್ಲ, ನಲ್ಲೆ ಎಲ್ಲಕ್ಕೂ ಅರ್ಥವಿದೆ. ಆ ಇಬ್ಬರು ಅಕ್ಕತಂಗಿಯರ ಬಗೆಗೆ ಕನ್ನಡದಲ್ಲಿ ಎರಡು ಸಾಲು ಹುಡುಕಬೇಕಾದರೆ ಕಣ್ಣು ಸೋಲುತ್ತದೆ.

ಅದೇ 1860ರಲ್ಲಿ ಇನ್ನೊಂದು ಮದುವೆ ನಡೆಯಿತು. ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಕದಡಿತ್ತು. ಮದುವೆಯಾಗಿದ್ದ ಹುಡುಗ, ಹೆಂಡತಿ ಅವನೊಡನೆ ಹೊಸ ಮತಕ್ಕೆ ಬರಲಿಲ್ಲ. ಅವನು ಬಾಸೆಲ್ಲಿಗೆ ಹೋಗಿ ಓದಿ, ಪಾದ್ರಿಯಾಗಿ 1851ರಲ್ಲಿ ಮರಳಿದ. ಮುಂದೆ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಕನ್ಯೆಯನ್ನು ಮದುವೆಯಾದ. ಇದನ್ನು ಪ್ರಣಯವೆನ್ನುವಿರೋ, ದುರಂತವೆನ್ನುವಿರೋ? ಎರಡು ಹೆಣ್ಣುಗಳು: ಒಬ್ಬಳು ಗಂಡನಿದ್ದೂ ಇಲ್ಲದವಳಾಗಿ ಉಳಿದವಳು, ಇನ್ನೊಬ್ಬಳು ಕಡಲು ದಾಟಿ ಬಂದು ಕಪ್ಪು ಮನುಷ್ಯನ ಹೆಂಡತಿಯೆನಿಸಿ ಬಾಳಿದವಳು. ನನಗೆ ಮೊದಲಿನವಳ ಮೇಲೆಯೇ ಹೆಚ್ಚು ಮನಸ್ಸು ಹೋಗುತ್ತದೆ. ಮಿಶನ್ನಿನ ವರದಿಗಳಲ್ಲಿ ಆಕೆ ಒಂದು ಅಡಚಣೆ ಮಾತ್ರ.

‘ಮಂಗಳೂರ ಸಮಾಚಾರ’ದ ಮೊಗ್ಲಿಂಗರೂ ಇದೇ ಸಾಲಿನವರು. 1836ರಲ್ಲಿ ಬಂದು ಸುಮಾರು ಇಪ್ಪತ್ತು ವರ್ಷ ಒಂಟಿಯಾಗಿಯೇ ಶಾಲೆ, ಪತ್ರಿಕೆ, ಕನ್ನಡ ಕಾವ್ಯಗಳ ಪ್ರಕಟನೆ ಎಂದು ಕಳೆದವರು, ಗೆಳೆಯ ವೈಗ್ಲೆ 1855ರಲ್ಲಿ ಸತ್ತಾಗ ಅವನ ವಿಧವೆಯನ್ನೂ ತಬ್ಬಲಿ ಮಕ್ಕಳನ್ನೂ ತಮ್ಮವರೆಂದು ಸ್ವೀಕರಿಸಿದರು. ಆಕೆಯ ಆರೋಗ್ಯ ಕೆಟ್ಟದ್ದರಿಂದಲೇ 1860ರಲ್ಲಿ ಈ ದೇಶವನ್ನು ಶಾಶ್ವತವಾಗಿ ಬಿಟ್ಟರು. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ‘ಅನಾರೋಗ್ಯದ ಕಾರಣ ಸ್ವದೇಶಕ್ಕೆ ಮರಳಿದರು’ ಎಂದಿರುತ್ತದೆ. ಯಾರ ಅನಾರೋಗ್ಯವೆಂದು ಯಾರೂ ಕೇಳುವುದಿಲ್ಲ.

ಆದರೆ ಎಲ್ಲಕ್ಕಿಂತ ಕಾದಂಬರಿಗೆ ಹತ್ತಿರವಾದ ಕಥೆ ಮರೀ ಗುಂಡರ್ಟಳದು. ತಂದೆ ಹೆರ್ಮನ್ ಗುಂಡರ್ಟ್ ಮಲೆಯಾಳದ ಕೋಶಕಾರ. 1857ರಲ್ಲಿ ಮಲಬಾರ ಮತ್ತು ಕೆನರಾ ಎರಡೂ ಜಿಲ್ಲೆಗಳ ಶಾಲೆಗಳಿಗೆ ಇನ್‌ಸ್ಪೆಕ್ಟರಾದವರು. ಮಗಳು 1842ರಲ್ಲಿ ತಲಚೇರಿಯಲ್ಲಿ ಹುಟ್ಟಿ, ಆ ಕಾಲದ ಪಾದ್ರಿಗಳ ರೂಢಿಯಂತೆ ಚಿಕ್ಕಂದಿನಲ್ಲೇ ಯುರೋಪಿನಲ್ಲಿ ಪರರ ಮನೆಯಲ್ಲಿ ಉಳಿದಳು. ಹದಿನೈದರ ವಯಸ್ಸಿನಲ್ಲಿ ತಾಯಿತಂದೆಯರನ್ನು ಕೂಡಲು ಹಡಗು ಹತ್ತಿದಳು. ಆ ಹಡಗಿನಲ್ಲಿ ಒಬ್ಬ ಇಂಗ್ಲಿಷ್ ತರುಣ. ಹಗಲು ಡೆಕ್ಕಿನ ಮೇಲೆ ಮಾತು, ಇರುಳು ನಕ್ಷತ್ರ. ಇಳಿಯುವ ಹೊತ್ತಿಗೆ ಇಬ್ಬರ ಮನಸ್ಸೂ ಒಂದಾಗಿತ್ತು. ತರುಣನು ಗಂಭೀರ, ತಂದೆಗೆ ಬರೆದು ಹೆಣ್ಣು ಕೇಳುತ್ತೇನೆಂದ, ಕೇಳಿಯೂ ಕೇಳಿದ. ತಂದೆ ಒಪ್ಪಲಿಲ್ಲ. ಪತ್ರದ ದಾರಿ ಕಾಯುತ್ತಿದ್ದ ಹುಡುಗಿಗೆ ಆ ಪತ್ರ ಬಂದುಹೋದದ್ದು ತಿಳಿದದ್ದೇ ತಡವಾಗಿ.

ನನ್ನ ಅಮೇರಿಕನ್ ಪುಸ್ತಕದಲ್ಲಾದರೆ ಇಲ್ಲಿ ಒಂದು ಮಳೆ ಬಂದು ಎಲ್ಲ ಸರಿಹೋಗುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ಹುಡುಗಿ ಅತ್ತಳು, ಮುನಿದಳು. ಆ ದುಃಖದ ಕೊನೆಗೆ ದೇವರ ಕಡೆ ತಿರುಗಿದಳು. ತಾಯಿತಂದೆಯರ ಮಿಶನ್ ಕೆಲಸಕ್ಕೇ ಕೈಹಚ್ಚಿದಳು. 1865ರಲ್ಲಿ ಚಾರ್ಲ್ಸ್ ಐಸೆನ್‌ಬರ್ಗ್ ಎಂಬ ಪಾದ್ರಿಯನ್ನು ಮದುವೆಯಾದಳು. 1870ರಲ್ಲಿ ಅವನು ಸತ್ತ. 1874ರಲ್ಲಿ, ಭಾರತದಲ್ಲಿಯೇ ದುಡಿದು ಜಡ್ಡಾಗಿ ಮರಳಿದ್ದ ಯೋಹಾನ್ನೆಸ್ ಹೆಸ್ಸೆ ಎಂಬ ಇನ್ನೊಬ್ಬ ಪಾದ್ರಿಯ ಕೈಹಿಡಿದಳು. ಅವರ ಮಗ 1877ರಲ್ಲಿ ಹುಟ್ಟಿದ ಹೆರ್ಮನ್ ಹೆಸ್ಸೆ. ‘ಸಿದ್ಧಾರ್ಥ’ದ ಕರ್ತೃವನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಆ ಪತ್ರಕ್ಕೆ ತಂದೆ ಹೂಂ ಎಂದಿದ್ದರೆ ಒಬ್ಬ ನೋಬೆಲ್ ಕಾದಂಬರಿಕಾರ ಹುಟ್ಟುತ್ತಿರಲಿಲ್ಲವೆಂದು ಲೆಕ್ಕ ಹಾಕುವವರಿದ್ದಾರೆ. ನನಗೆ ಆ ಲೆಕ್ಕ ಹಿಡಿಸದು. ಹದಿನೈದು ವರ್ಷದ ಹುಡುಗಿಯ ಕಣ್ಣೀರಿಗೆ ಮಗನ ಕೀರ್ತಿಯಿಂದ ಜಮಾಖರ್ಚು ಬರೆಯುವುದು ಯಾವ ನ್ಯಾಯ?

ಮರೀ ಬರೆಯಬಲ್ಲವಳಾಗಿದ್ದಳು ಎಂಬುದನ್ನು ಮರೆಯಬಾರದು. ಜೀವಮಾನವೆಲ್ಲ ದಿನಚರಿ ಬರೆದಳು, ಪತ್ರ ಬರೆದಳು. ಮಗಳು ಅಡೆಲೆ ಅವುಗಳನ್ನು ಕೂಡಿಸಿ 1934ರಲ್ಲಿ ಪುಸ್ತಕ ಮಾಡಿದಳು. ಜೇನ್ ಆಸ್ಟೆನ್ನಳಂತೆ, ಗ್ರೇಸ್ ಹಿಲ್ಲಳಂತೆ ಇವಳೂ ಪಾದ್ರಿಯ ಮನೆಯ ಹೆಣ್ಣೇ. ಆದರೆ ಇವಳ ಮನೆತನದ ಧರ್ಮಶ್ರದ್ಧೆ ಬೇರೆ. ವುರ್ಟೆಂಬರ್ಗಿನ ಆ ಭಕ್ತರಿಗೆ ನಾಟಕ, ಕುಣಿತ, ಕಾದಂಬರಿ ಮೂರೂ ಆತ್ಮಕ್ಕೆ ಬಿದ್ದ ಹುಳ. ದಿನಚರಿ ಬರೆಯಬಹುದು, ಏಕೆಂದರೆ ಅದು ದೇವರೆದುರು ಒಪ್ಪಿಸುವ ಲೆಕ್ಕ. ಕಟ್ಟಿದ ಕಥೆ ಸುಳ್ಳು. ಅಮೇರಿಕದ ಮೆಥಡಿಸ್ಟರು ವಿಹಾರಕ್ಕೆ ದೀಕ್ಷೆ ಕೊಟ್ಟಂತೆ ಈ ಜನ ಕಥೆಗೆ ಕೊಡಲಿಲ್ಲ. ಬನ್ಯನ್ನನ ಯಾತ್ರಿಕನ ಕಥೆಯನ್ನು ಮಿಶನ್ನಿನವರು 1840ರ ದಶಕದಲ್ಲಿಯೇ ಕನ್ನಡಕ್ಕೆ ತಂದರು, ನಿಜ. ಅದರಲ್ಲಿ ಬರುವ ನೀರು ಮೀಯುವ ನೀರಲ್ಲ, ಮರಣದ ಹೊಳೆ.

ಇನ್ನು ಕನ್ನಡದ ಕ್ರೈಸ್ತ ಹುಡುಗಿಯರು. ಜಾತಿ ಬಿಟ್ಟು ಬಂದವನಿಗೆ ಹೆಣ್ಣು ಕೊಡುವವರಾರು ಎಂಬುದೇ ಆ ಸಭೆಗಳ ಮೊದಲ ಗೃಹಚಿಂತೆ. ಪಾದ್ರಿಗಳ ಹೆಂಡಂದಿರು ನಡೆಸುತ್ತಿದ್ದ ಹೆಣ್ಣುಮಕ್ಕಳ ವಸತಿಶಾಲೆಗಳು ಅದಕ್ಕೂ ಉತ್ತರವಾದವು. ಅಲ್ಲಿ ಓದು, ಹೊಲಿಗೆ, ಕೀರ್ತನೆ ಕಲಿತ ಹುಡುಗಿಗೆ ವರ ಕೂಡಿಸುವಾಗ ಮಿಶನ್ನಿನ ಅಮ್ಮನ ಮಾತು ದೊಡ್ಡದು. 1865ರಲ್ಲಿ ಮಂಗಳ��ರಿನಲ್ಲಿ ಹಂಚಿನ ಕಾರಖಾನೆ ಎದ್ದಿತು. ಸಭೆಯವರು ಗಂಟೆ ಬಾರಿಸಿದೊಡನೆ ಕೆಲಸಕ್ಕೆ ಹೋಗುವ ಕೂಲಿಗಳಾದರು. ರಜೆಯೆಂದರೆ ಭಾನುವಾರ, ಭಾನುವಾರವೆಂದರೆ ಆರಾಧನೆ. ಕಡಲು ಕೂಗಿಗೆ ಕೇಳುವಷ್ಟು ಹತ್ತಿರ. ಆದರೆ ಕಡಲ ಕಡೆ ನೋಡುತ್ತ ಕೂಡುವ ಬಿಡುವೆಲ್ಲಿ?

ಹೀಗಿದ್ದೂ ಪ್ರಣಯ ಆ ಅಚ್ಚುಕೂಟದ ಬಾಗಿಲು ತಟ್ಟದೆ ಬಿಡಲಿಲ್ಲ. 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾದದ್ದು ಬಾಸೆಲ್ ಮಿಶನ್ನಿನ ಮುದ್ರಣಾಲಯದಲ್ಲಿಯೇ. ಬರೆದವರು ಪೊಲೀಸು ಖಾತೆಯ ಅಧಿಕಾರಿ, ಕೌಂಡಿನ್ಯನಂತೆ ಸಾರಸ್ವತರು. ಬಾಲವಿಧವೆಯೊಬ್ಬಳು ಮನೆ ಬಿಟ್ಟು ಹೊರಬಂದು, ಓದಿ, ಓದಿದ ತರುಣನನ್ನು ಮದುವೆಯಾಗುವ ಕಥೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಅದಕ್ಕೆ ಪಟ್ಟ. ಅದರಲ್ಲಿ ಪ್ರೀತಿಯಿದೆ, ಆದರೆ ಸುಧಾರಣೆಯ ಮೂಟೆ ಹೊತ್ತ ಪ್ರೀತಿ. ಕರಾವಳಿಯ ನಮ್ಮ ಕಾದಂಬರಿ ಅಂದಿನಿಂದ ಇಂದಿನವರೆಗೆ ಆ ಮೂಟೆಯನ್ನು ಕೆಳಗಿಟ್ಟಿಲ್ಲ. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಡಲು ಪುಟಪುಟಕ್ಕೂ ಮೊರೆಯುತ್ತದೆ, ಆದರೆ ಆ ದಂಡೆಯ ಹೆಂಗಸರಿಗೆ ಅದು ಉಪ್ಪುನೀರು, ದುಡಿತ, ಅಳಿವು. ಕನ್ನಡದ ಹೆಸರಾಂತ ಕ್ರೈಸ್ತ ಕಾದಂಬರಿಕಾರ ನಾ. ಡಿಸೋಜರ ‘ಮುಳುಗಡೆ’, ‘ದ್ವೀಪ’ಗಳಲ್ಲಿ ನೀರು ಬರುವುದು ಮನೆಯನ್ನು ನುಂಗಲು. ನಮ್ಮ ಒಣಸೀಮೆಯ ಉತ್ತಂಗಿ ಚನ್ನಪ್ಪನವರೋ ಪಾದ್ರಿಯಾಗಿದ್ದು 1924ರಲ್ಲಿ ಸರ್ವಜ್ಞನನ್ನು ಶೋಧಿಸಿ ಕೊಟ್ಟರು. ಕಾದಂಬರಿಯ ಗೊಡವೆಗೆ ಹೋಗಲಿಲ್ಲ. ಕಾರವಾರದ ದಂಡೆಯಲ್ಲಿ 1883ರಲ್ಲಿ ಅಣ್ಣನ ಮನೆಗೆ ವಿಹಾರಕ್ಕೆ ಬಂದ ರವೀಂದ್ರನಾಥರು ಕೂಡ, ಮದುವೆಗೆ ಕೆಲವೇ ತಿಂಗಳಿರುವಾಗ, ಬರೆದದ್ದು ಸಂನ್ಯಾಸಿಯೊಬ್ಬನ ನಾಟಕ!

ಹಾಗಾದರೆ ಆ ಹಗುರ ಪುಸ್ತಕ ನಮ್ಮ ತೀರದಲ್ಲಿ ಹುಟ್ಟಲೇ ಇಲ್ಲವೆ? ಹುಟ್ಟಿತು, ಆದರೆ ಪಕ್ಕದ ಮನೆಯಲ್ಲಿ. ಮಂಗಳೂರಿನ ಕೆಥೋಲಿಕರು 1912ರಲ್ಲಿ ‘ಕೊಂಕಣಿ ದಿರ್ವೆಂ’, 1938ರಲ್ಲಿ ‘ರಾಕ್ಣೊ’ ಎಂದು ತಮ್ಮ ಪತ್ರಿಕೆಗಳನ್ನು ಹೊರಡಿಸಿದರು. ಅವರ ಪತ್ರಿಕೆಗಳಲ್ಲಿ ಪಾದ್ರಿಯ ಉಪದೇಶದ ಪಕ್ಕದಲ್ಲಿಯೇ ಹುಡುಗ-ಹುಡುಗಿಯರ ಕಥೆ ಬಂದವು, ಧಾರಾವಾಹಿಗಳು ಬಂದವು, ನಗೆಬರಹ ಬಂತು. ಮುಂಬಯಿಯ ಹೊಟೆಲು-ಕಚೇರಿಗಳಲ್ಲಿ ದುಡಿಯುವ ಮಕ್ಕಳು ಅಂಚೆಯಲ್ಲಿ ತರಿಸಿಕೊಂಡು ಓದಿದರು. ಇಗರ್ಜಿಯೂ ಇದೆ, ರಜೆಗೆ ಊರಿಗೆ ಬಂದ ಹುಡುಗನೂ ಇದ್ದಾನೆ, ಹೊರಗೆ ಕಡಲೂ ಇದೆ. ಆ ಪುಟಗಳು ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ಚಚಡಿಯ ಸಾಲೆಯ ಮೂರನೆಯ ಇಯತ್ತೆಯ ಹುಡುಗ ಅವನ್ನು ಒಂದಕ್ಷರವೂ ತಪ್ಪದೆ ಗಟ್ಟಿಯಾಗಿ ಓದಿಬಿಟ್ಟಾನು. ಕಥೆಯಲ್ಲಿ ಯಾರಿಗೆ ಯಾರ ಮೇಲೆ ಮನಸ್ಸಾಯಿತೆಂದು ಮಾತ್ರ ಅವನಿಗೆ ತಿಳಿಯದು.